ಬೆನಿತಾಳ ಬಾಕಿ ದಿನ

ಗುಡ್ಡಗಾಡಿನ ನಮ್ಮ ಊರು ನುವೆವಾ ಪುಕಾರಾದಲ್ಲಿ ಯಾರ ಮನೆಗೆ ಹೋದರೂ ಮೊದಲು ಕೈಗೆ ಬರುವುದು ಕಾಫಿಯಲ್ಲ, ಸುಲ್ತಾನಾ. ಕಾಫಿ ಹಣ್ಣಿನ ಸಿಪ್ಪೆಯನ್ನು ಒಣಗಿಸಿ ಕುದಿಸಿದ ಕೆಂಪು ನೀರು. ಬೀಜ ಹಡಗು ಹತ್ತುತ್ತದೆ, ಸಿಪ್ಪೆ ನಮಗೆ ಉಳಿಯುತ್ತದೆ. ಇದು ದುಃಖಪಡುವ ವಿಷಯ ಎಂದು ನಮ್ಮಲ್ಲಿ ಯಾರಿಗೂ ಅನ್ನಿಸಿಲ್ಲ. ಬೀಜವನ್ನು ತಾನೇ ಕುಡಿದು ಕುಳಿತರೆ ಉಪ್ಪು, ಎಣ್ಣೆ ಎಲ್ಲಿಂದ ಬರಬೇಕು? ಬೆನಿತಾ ಲಿಮಾಚಿಯೂ ಜೀವಮಾನವೆಲ್ಲ ಸುಲ್ತಾನಾ ಕುಡಿದೇ ಬದುಕಿದವಳು. ಅವಳ ಮುಖ ಮಾತ್ರ ಬೀಜದ ಜೊತೆ ಸಮುದ್ರ ದಾಟಿತು.

ಅದಾದದ್ದು ಹೀಗೆ. ಯುರೋಪಿನಿಂದ ಕಾಫಿ ಕೊಳ್ಳುವವರು ಬಂದಾಗ ಅವರ ಜೊತೆ ಒಬ್ಬ ಫೋಟೋದವನೂ ಬಂದಿದ್ದ. ಉದ್ದನೆ ಆಳು, ನಮ್ಮ ಕೆಸರಿಗೆ ಬಿಳಿ ಪ್ಯಾಂಟು ಹಾಕಿಕೊಂಡು ಬಂದಿದ್ದ. ಬೆನಿತಾ ಹ್ಯಾಟು ಸರಿಮಾಡಿಕೊಂಡು, ಎರಡು ಜಡೆ ಮುಂದೆ ಬಿಟ್ಟುಕೊಂಡು, ಹಣ್ಣಿನ ಬುಟ್ಟಿ ಹಿಡಿದು ಪೊಲೀಸರ ಮುಂದೆ ನಿಂತ ಹಾಗೆ ನಿಂತಿದ್ದಳು. ‘ನಗಿ, ನಗಿ’ ಎನ್ನುತ್ತ ಹಿಂದೆ ಹಿಂದೆ ಸರಿದವನು ಕೊಳೆತ ಸಿಪ್ಪೆಯ ಗುಂಡಿಯಲ್ಲಿ ಧೊಪ್ಪೆಂದು ಕುಕ್ಕರಿಸಿದ. ಬೀಳುವಾಗ ಕ್ಯಾಮೆರಾದ ಗುಂಡಿ ಒತ್ತಿಬಿಟ್ಟ. ಬಾಯ್ತುಂಬ ನಕ್ಕ ಆ ಮುಖವೇ ಮುಂದೆ ಕಾಫಿ ಪೊಟ್ಟಣದ ಮೇಲೆ ಬಂತು. ಕೆಳಗೆ ಅವರ ಭಾಷೆಯಲ್ಲಿ ಏನೋ ಬರೆದಿತ್ತು. ಸಹಕಾರ ಸಂಘದ ಅಧ್ಯಕ್ಷ ನಸಾರಿಯೊ ತಿಂತಾಯಾ ಅದರ ಅರ್ಥ ಹೇಳಿದ: ‘ಪ್ರಾಮಾಣಿಕ ಕೈಗಳಿಂದ.’

“ಕೈ ಅಂತ ಬರ್ದು ಹಲ್ಲು ತೋರ್ಸಿದಾರಲ್ಲಪ್ಪ” ಎಂದಳು ಬೆನಿತಾ. ಆದರೂ ಒಂದು ಖಾಲಿ ಪೊಟ್ಟಣವನ್ನು ಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು.

ಅವಳು ಈ ಕಾಡಿಗೆ ಬಂದಾಗ ಇಲ್ಲಿ ಕಾಲನಿಯೂ ಇರಲಿಲ್ಲ, ರಸ್ತೆಯೂ ಇರಲಿಲ್ಲ. ಮೇಲಿನ ಚಳಿ ಬಯಲಿನಲ್ಲಿ ತಾಯಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಕೆಳಗೆ ಕಾಡು ಕಡಿದವರಿಗೆ ಸರ್ಕಾರ ಭೂಮಿ ಕೊಡುತ್ತದಂತೆ ಎಂಬ ಮಾತು ಕೇಳಿ ಅಪ್ಪ ಇಬ್ಬರು ಮಕ್ಕಳನ್ನೂ ಹೊರಡಿಸಿಕೊಂಡು ಬಂದ. ಇಬ್ಬರು ಎಂದರೆ ಬೆನಿತಾ, ಮತ್ತು ಅವಳ ಬೆನ್ನಿನ ಮೇಲೆ ಬಣ್ಣದ ಬಟ್ಟೆಯಲ್ಲಿ ಕಟ್ಟಿದ್ದ ಕೂಸು ಸೆವೆರೊ. ಅವನ ಉಚ್ಚೆ ಬೆನ್ನ ಮೇಲೆ ಬಿಸಿಯಾಗಿ ಹರಿದು ಆಮೇಲೆ ತಣ್ಣಗಾಗುತ್ತಿದ್ದುದನ್ನು ಅವಳು ಮುದುಕಿಯಾದ ಮೇಲೂ ಹೇಳುತ್ತಿದ್ದಳು. ಅವನು ತನಗೆ ತಮ್ಮನೋ ಮಗನೋ ಎಂಬುದು ಅವಳಿಗೇ ತೀರ್ಮಾನವಾಗಿರಲಿಲ್ಲ. ಅಪ್ಪ ಹೋದ ಮೇಲೆ ತೋಟ ಎರಡು ಪಾಲಾಯಿತು, ಮೇಲಿನದು ಅವನಿಗೆ, ಕೆಳಗಿನದು ಇವಳಿಗೆ. ನಡುವೆ ಬೇಲಿ ಹಾಕಲಿಲ್ಲ.

ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಬೆನಿತಾ ಸಾಂತಾ ಕ್ರೂಸಿನ ಕಡೆ ಹತ್ತಿ ಬಿಡಿಸಲು ಹೋಗಿದ್ದಳು. ಅಲ್ಲಿ ಆಳುಗಳು ಹೊಲದಲ್ಲಿರುವಾಗಲೇ ಮೇಲೆ ವಿಮಾನ ಹಾರಿಸಿ ಔಷಧಿ ಸುರಿಯುತ್ತಿದ್ದರು. ಮೈಯೆಲ್ಲ ಒದ್ದೆಯಾಗುತ್ತಿತ್ತು, ಮೇಸ್ತ್ರಿ ‘ಮಳೆ ಅಂದ್ಕೊಳ್ಳಿ’ ಎನ್ನುತ್ತಿದ್ದ. ದಿನ ತುಂಬುತ್ತಿದ್ದ ಅವಳ ಚೊಚ್ಚಲ ಬಸಿರು ಆ ಹತ್ತಿ ಹೊಲದಲ್ಲೇ ಹೋಯಿತು. ಔಷಧಿಯಿಂದ ಹೋಯಿತೋ ಹಣೆಬರಹದಿಂದ ಹೋಯಿತೋ ಯಾವ ಡಾಕ್ಟರೂ ಹೇಳಲಿಲ್ಲ. ಬೆನಿತಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಂದಿನಿಂದ ಔಷಧಿಯ ವಾಸನೆ ಗಾಳಿಯಲ್ಲಿ ಎಳೆಯಷ್ಟು ಬಂದರೂ ಸಾಕು, ಅವಳು ದಾರಿ ಪಕ್ಕಕ್ಕೆ ಓಡಿ ಕರುಳು ಕಿತ್ತು ಬರುವಂತೆ ವಾಂತಿ ಮಾಡುತ್ತಿದ್ದಳು. ಊರಿಗೆಲ್ಲ ಗೊತ್ತಿದ್ದ ಸಂಗತಿ ಇದು.

ಆಮೇಲೆ ನಿಯೆವೆಸ್ ಎಂಬ ಮಗಳು ಹುಟ್ಟಿದಳು. ಮಗಳು ನಡೆಯಲು ಕಲಿಯುವುದರೊಳಗೆ ಗಂಡ ಹೊಳೆಯಲ್ಲಿ ಚಿನ್ನ ಜಾಲಿಸಲು ತಿಪುವಾನಿಗೆ ಹೋದ. ಅಲ್ಲಿ ಚಿನ್ನ ಸಿಕ್ಕಿತೋ ಇಲ್ಲವೋ, ಇನ್ನೊಬ್ಬ ಹೆಂಡತಿ ಸಿಕ್ಕಳು. ಆ ವರ್ಷ ಹಣ್ಣು ಗಿಡದಲ್ಲೇ ಕೊಳೆಯುವ ಹೊತ್ತಿಗೆ ಒಂದು ಬೆಳಿಗ್ಗೆ ಕೇಳದೆ ಕರೆಯದೆ ಬುಟ್ಟಿ ಸೊಂಟಕ್ಕೆ ಕಟ್ಟಿಕೊಂಡು ಬಂದು ಸಾಲಿನಲ್ಲಿ ನಿಂತವನು ದಮಾಸೊ ಕಾಚಿ. ನಿಯೆವೆಸ್‌ಳ ನಾಮಕರಣದಲ್ಲಿ ಮಗುವನ್ನು ಎತ್ತಿ ಹಿಡಿದವನು ಅವನೇ. ಹಾಗೆ ಹಿಡಿದವನು ಮಗುವಿನ ತಾಯಿಗೆ ‘ಕುಂಪಾ’ ಆಗುತ್ತಾನೆ, ಅವಳು ಅವನಿಗೆ ‘ಕುಮಾ’. ಒಡಹುಟ್ಟಿದವರನ್ನಾದರೂ ಏಕವಚನದಲ್ಲಿ ಬೈಯಬಹುದು, ಕುಂಪಾನನ್ನು ಬೈಯುವಂತಿಲ್ಲ. ದಮಾಸೊ ಗಿಡ್ಡ ಮನುಷ್ಯ, ಮಾತಿನಲ್ಲಿ ತುಂಟ. ತನ್ನ ಹೇಸರಗತ್ತೆಗೆ ‘ಮಂತ್ರಿ’ ಎಂದು ಹೆಸರಿಟ್ಟಿದ್ದ. ತಿನ್ನುವುದು ಗೊತ್ತು, ಕರೆದರೆ ಬರುವುದಿಲ್ಲ ಎಂಬ ಕಾರಣಕ್ಕೆ.

ಆ ಕೊಯ್ಲಿನ ದಿನಗಳನ್ನೆಲ್ಲ ಬೆನಿತಾ ಮುಂದೆ ಅವನ ತೋಟದಲ್ಲಿ ದುಡಿದು ತೀರಿಸಿದಳು. ನಮ್ಮಲ್ಲಿ ಇದಕ್ಕೆ ಅಯ್ನಿ ಎನ್ನುತ್ತಾರೆ. ಇವತ್ತು ನೀನು ನನ್ನ ತೋಟಕ್ಕೆ ಒಂದು ದಿನ ಬಾ, ನಾಳೆ ನಾನು ನಿನ್ನ ತೋಟಕ್ಕೆ ಒಂದು ದಿನ ಬರುತ್ತೇನೆ. ಕಳೆಗೆ ಕಳೆ, ಕೊಯ್ಲಿಗೆ ಕೊಯ್ಲು. ದಿನವನ್ನು ದಿನದಿಂದಲೇ ತೀರಿಸಬೇಕು. ಅಯ್ನಿಗೆ ಬಂದವರಿಗೆ ದುಡ್ಡು ಕೊಡುವುದು ಮುಖಕ್ಕೆ ಉಗಿದದ್ದಕ್ಕಿಂತ ಹೆಚ್ಚು. ಬಾಕಿ ಇಟ್ಟುಕೊಂಡವನು ಮಳೆಗಾಲದ ನಡುವೆ ಬರುವ ಕಾರ್ನವಾಲು ಹಬ್ಬದ ಮಂಗಳವಾರ ತನ್ನ ತೋಟಕ್ಕೆ ಸಾರಾಯಿ ಎರೆಯುವಂತಿಲ್ಲ. ಎರೆದರೆ ಭೂಮಿತಾಯಿ ಪಚಮಾಮಾ ಕುಡಿಯುತ್ತಾಳೆ, ಆದರೆ ಮರೆಯುವುದಿಲ್ಲ.

ಸಾವಯವ ಎಂಬ ಮಾತು ನಮ್ಮಲ್ಲಿಗೆ ಬಂದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ನಾವು ಔಷಧಿ ಹೊಡೆಯುತ್ತಿರಲಿಲ್ಲ, ಏಕೆಂದರೆ ಕೊಳ್ಳಲು ಕಾಸಿರಲಿಲ್ಲ. ಹೊರಗಿನವರು ಬಂದು ಅದನ್ನು ಪುಣ್ಯ ಎಂದರು. ನಮ್ಮ ಬಡತನಕ್ಕೆ ಸರ್ಟಿಫಿಕೇಟು ಸಿಕ್ಕಿತು, ನ್ಯಾಯದ ಬೆಲೆ ಎಂದು ಸ್ವಲ್ಪ ಹೆಚ್ಚಿಗೆ ಹಣವೂ ಬಂತು. ಅದರಲ್ಲಿ ಸಂಘದ ಗೋದಾಮು ಎದ್ದಿತು, ಹೆರಿಗೆ ಮಾಡಿಸಲು ಒಬ್ಬ ನರ್ಸಮ್ಮ ಬಂದಳು. ಸುಳ್ಳೇಕೆ ಹೇಳಬೇಕು, ಒಳ್ಳೆಯದೂ ಆಯಿತು. ತೋಟ ತೋಟ ತಿರುಗಿ ಯಾರೂ ಔಷಧಿ ಹೊಡೆದಿಲ್ಲ ಎಂದು ನೋಡಲು ನಮ್ಮಲ್ಲೇ ಒಬ್ಬ ತಪಾಸಣೆಯವರು ಬೇಕಾದಾಗ ಎಲ್ಲರೂ ಬೆನಿತಾಳ ಕಡೆ ತಿರುಗಿದರು.

“ಕುಮಾ, ಮೂಗನ್ನ ಸಂಘಕ್ಕೆ ಬಾಡಿಗೆಗೆ ಬಿಟ್ಟಿದೀರಂತೆ?” ಎಂದು ದಮಾಸೊ ಕೆಣಕಿದ. “ನೆಗಡಿ ಬಂದ್ರೆ ಬಾಡಿಗೆ ಹಿಡ್ಕೊತಾರಾ ಹೆಂಗೆ?”

“ನಿಮ್ಮ ಮಂತ್ರಿ ಹತ್ರ ಬಂದ್ರೆ ನೆಗಡೀಲೂ ಮೂಗು ಮುಚ್ಕೋಬೇಕು ಕುಂಪಾ.”

ಎಲೆ ತುಕ್ಕು ರೋಗ ಬಂದ ವರ್ಷ ಈ ನಗೆ ನಿಂತಿತು. ಎಲೆಯ ಕೆಳಗೆ ಕಿತ್ತಳೆ ಬಣ್ಣದ ಪುಡಿ, ಮುಟ್ಟಿದರೆ ಬೆರಳಿಗೆ ಅಂಟುವುದು. ಗುಡ್ಡಕ್ಕೆ ಗುಡ್ಡವೇ ಎಲೆ ಉದುರಿಸಿಕೊಂಡು ನಿಂತಿತು. ಒಂದು ಸಂಜೆ ದಮಾಸೊನ ಬೇಲಿ ಪಕ್ಕ ಹಾದು ಹೋಗುತ್ತಿದ್ದ ಬೆನಿತಾ ಅಲ್ಲೇ ಕುಸಿದು ವಾಂತಿ ಮಾಡಿದಳು. ತಲೆಯೆತ್ತಿದಾಗ ಎದುರಿಗೆ ದಮಾಸೊ ನಿಂತಿದ್ದ. ಮಾರನೆಯ ದಿನ ಅವನು, ಏನಾದರೂ ಬೇಡಲು ಹೋಗುವವರ ಪದ್ಧತಿಯಂತೆ, ಜಗಿಯುವ ಕೋಕಾ ಎಲೆಯ ಗಂಟು ಹಿಡಿದು ಅವಳ ಮನೆಗೆ ಬಂದ. ಕೂರಿ ಎನ್ನುವ ಮೊದಲೇ ಗಂಟನ್ನು ಅವಳ ಮುಂದೆ ಬಿಚ್ಚಿಟ್ಟ.

“ಮನೆ ಪಕ್ಕದ ನಾಲ್ಕು ಗಿಡಕ್ಕೆ ಹೊಡ್ದೆ ಕುಮಾ. ಸಾಯೋದನ್ನ ಕಣ್ಣಲ್ಲಿ ನೋಡಕ್ಕಾಗ್ಲಿಲ್ಲ. ಆ ಗಿಡದ ಹಣ್ಣು ಸಂಘಕ್ಕೆ ಹಾಕಲ್ಲ, ಮಕ್ಕಳಾಣೆ. ಇದೊಂದು ಸಲ ಬಿಟ್ಬಿಡಿ.”

“ನಾಲ್ಕಾದ್ರೂ ವಿಷ ವಿಷಾನೇ ಕುಂಪಾ. ನಿಮ್ಮನ್ನ ಬಿಟ್ರೆ ನಾಳೆ ಎಲ್ರನ್ನೂ ಬಿಡ್ಬೇಕು.”

“ನಿಮ್ಮ ತಮ್ಮ ಆಗಿದ್ರೆ?”

“ಅವನಾದ್ರೂ ಅಷ್ಟೆ.”

ಅವಳು ಎಲೆಯನ್ನು ಮುಟ್ಟಲಿಲ್ಲ. ದಮಾಸೊ ಗಂಟು ಕಟ್ಟಿಕೊಂಡು ಹೋದ. ಮುಂದಿನ ಸಭೆಯಲ್ಲಿ ಬೆನಿತಾ ಎದ್ದು ನಿಂತು ಅವನ ಹೆಸರು ಹೇಳಿದಳು. ನಿಯಮದಂತೆ ಅವನು ಮೂರು ವರ್ಷ ಸಂಘದಿಂದ ಹೊರಗಾದ, ಬೆಳೆದದ್ದನ್ನೆಲ್ಲ ಪೇಟೆಯ ದಲ್ಲಾಳಿ ಹೇಳಿದ ರೇಟಿಗೆ ಕೊಟ್ಟ. ಅವಳ ಮೇಲೆ ಒಂದು ಕೆಟ್ಟ ಮಾತೂ ಆಡಲಿಲ್ಲ. ದಾರಿಯಲ್ಲಿ ಸಿಕ್ಕರೆ ಹ್ಯಾಟು ತೆಗೆದು ‘ಕುಮಾ’ ಎನ್ನುತ್ತಿದ್ದ, ಅಷ್ಟೆ. ಬೆನಿತಾ ತಾನು ಮಾಡಿದ್ದು ಸರಿ ಎಂದೇ ನಂಬಿದ್ದಳು. ನಿಜಕ್ಕೂ ಸರಿಯೇ ಆಗಿತ್ತು, ಅವಳ ಕೇಡುಗಾಲಕ್ಕೆ.

ದಮಾಸೊನ ಮೂರು ವರ್ಷ ಮುಗಿದ ಮಳೆಗಾಲದಲ್ಲಿ ಬೆನಿತಾ ಒಂದು ದಿನ ತಮ್ಮನ ತೋಟದ ಕಳೆ ತೆಗೆದುಕೊಟ್ಟಿದ್ದಳು. ಸೆವೆರೊ ಆ ದಿನವನ್ನು ತೀರಿಸಬೇಕಿತ್ತು. ಅಷ್ಟರಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಕೈಮಿಷನ್ನನ್ನು ರಿಪೇರಿ ಮಾಡಲು ಹೋಗಿ ಅದರ ಹಲ್ಲಿಗೆ ಬಲಗೈ ಕೊಟ್ಟುಕೊಂಡ. ಹೆಂಡತಿ ತವರಿನ ಆಲೂಗಡ್ಡೆ ಹೊಲಕ್ಕೆಂದು ಮೇಲಿನ ಬಯಲಿಗೆ ಹೋಗಿದ್ದಳು. ಕಾರ್ನವಾಲು ಹತ್ತಿರ ಬರುತ್ತಿತ್ತು. ಬೆನಿತಾ ತಪಾಸಣೆಗೆಂದು ಗುಡ್ಡದಾಚೆಯ ಕಾಲನಿಗಳಿಗೆ ಹೋಗಿದ್ದಳು.

ಅವಳು ವಾಪಸು ಬಂದದ್ದು ಹಬ್ಬದ ಹಿಂದಿನ ಶನಿವಾರ, ಗಿಡಗಳಿಗೆ ಸುತ್ತಲು ಪೇಟೆಯಿಂದ ಬಣ್ಣದ ಕಾಗದದ ಸುರುಳಿ ತಂದಿದ್ದಳು. ತನ್ನ ತೋಟದ ಬಾಯಲ್ಲಿ ಅವಳು ನಿಂತುಬಿಟ್ಟಳು. ಕಾಫಿ ಸಾಲುಗಳ ಕೆಳಗೆ ಹುಲ್ಲೆಲ್ಲ ಬುಡದಿಂದ ತುದಿಯವರೆಗೆ ಒಂದೇ ಸಮನೆ ಹಳದಿಯಾಗಿ ಮಲಗಿತ್ತು. ಮಳೆಗಾಲದ ನಟ್ಟನಡುವೆ ಹುಲ್ಲು ಹಳದಿಯಾಗುತ್ತದೆಯೇ? ವಾಸನೆ ಮಳೆಗೆ ತೊಳೆದುಹೋಗಿತ್ತು. ಮೂಗಿಗೆ ಏನೂ ಬರಲಿಲ್ಲ. ಅವಳು ನೇರ ತಮ್ಮನ ಮನೆಗೆ ಹೋದಳು.

ಸೆವೆರೊ ತನ್ನ ಮನೆಯ ಜಗಲಿಯ ಮೇಲೆ ಕೈಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದ. ಅಕ್ಕನನ್ನು ನೋಡಿ ಅವನ ಮುಖ ಅರಳಿತು.

“ನೋಡಿದ್ಯಾ ಅಕ್ಕ? ಒಂದು ಕಳೆ ಬಿಟ್ಟಿಲ್ಲ.”

“ಏನು ಹೊಡ್ದೆ?”

“ಬಲಗೈ ಎತ್ತಕ್ಕಾಗ್ತಿಲ್ಲ, ಮಚ್ಚು ಹಿಡಿಯೋದು ಹೆಂಗೆ? ಹೊಳೆ ಆಚೆ ಕೋಕಾ ಬೆಳೆಯೋರ ಹತ್ರ ಪಂಪು ಇಸ್ಕೊಂಡೆ. ಬೆನ್ನಿಗೆ ಕಟ್ಕೊಂಡು ಎಡಗೈಲೇ ಹೊಡ್ದೆ. ಒಂದೇ ಬೆಳಿಗ್ಗೆಗೆ ಮುಗೀತು. ಕಾಫಿ ಗಿಡಕ್ಕೆ ಒಂದು ಹನೀನೂ ತಾಗಿಲ್ಲ, ಬರೀ ಹುಲ್ಲಿಗೆ.”

“ಸೆವೆರೊ, ನಾನ್ಯಾರು ಗೊತ್ತೇನೋ ನಿಂಗೆ? ಈ ಊರಲ್ಲಿ ನನ್ನ ಕೆಲ್ಸ ಏನು ಗೊತ್ತಾ?”

“ಗೊತ್ತಿಲ್ದೆ ಏನು. ಆದ್ರೆ ನಿನ್ನ ದಿನ ಬಾಕಿ ಇತ್ತಲ್ಲ. ಬಾಕಿ ಇಟ್ಕೊಂಡು ಮಂಗಳವಾರ ಹೆಂಗೆ ಸಾರಾಯಿ ಎರೀಲಿ?”

“ಬಾಕಿ ಇದ್ರೆ ನಾನು ನಿನ್ನ ತಿಂದ್ಬಿಡ್ತಿದ್ನೇನೋ ಮುಂಡೇದೆ?”

“ನೀನು ತಿಂತಿರ್ಲಿಲ್ಲ” ಎಂದು ಅವನು ಎಡಗೈಯಿಂದ ನೆಲ ತೋರಿಸಿದ. “ಆಕೆ ತಿಂತಿದ್ಲು.”

ಹೊಡೆಯಲೆಂದು ಬೆನಿತಾ ಕೈಯೆತ್ತಿದಳು. ಸುತ್ತಿದ ಬಟ್ಟೆಯ ಮೇಲೆ ಕೀವು ಒಸರಿದ್ದು ಕಂಡಿತು. ಎತ್ತಿದ ಕೈಯನ್ನು ಇಳಿಸಿ, ನೀರು ಕಾಯಿಸಿ, ಗಾಯ ತೊಳೆದು ಬೇರೆ ಬಟ್ಟೆ ಕಟ್ಟಿದಳು. ಐವತ್ತು ದಾಟಿದ ಗಂಡಸು ನೋವಿಗೆ ಮುಖ ಕಿವುಚಿಕೊಂಡಾಗ ಅವಳಿಗೆ ಕಂಡದ್ದು ಬೆನ್ನ ಮೇಲಿನ ಕೂಸು. ಪಾಪದವನಿಗೆ ತಾನು ಮಾಡಿದ್ದೇನು ಎಂಬುದು ಕೊನೆಗೂ ತಲೆಗೆ ಹೋಗಲಿಲ್ಲ. ಸಾಲ ತೀರಿಸಿದ ನೆಮ್ಮದಿಯಲ್ಲಿದ್ದ.

ಭಾನುವಾರ ಬೆಳಕು ಹರಿಯುತ್ತಲೇ ಅವಳು ಮಚ್ಚು ಹಿಡಿದು ತೋಟಕ್ಕೆ ಇಳಿದಳು. ಹಳದಿ ಹುಲ್ಲನ್ನೆಲ್ಲ ಸವರಿ, ಕೊರಕಲಿಗೆ ತುಂಬಿ, ಮೇಲೆ ನೆರಳಿನ ಮರಗಳ ಸೊಪ್ಪು ಹರಡಿದಳು. ಮಂಗಳವಾರ ಊರವರು ಗಿಡಗಳಿಗೆ ಕಾಗದ ಸುತ್ತಿ ಕುಣಿಯುತ್ತ ಬಂದಾಗ ಬೆನಿತಾಳ ತೋಟ ಎಂದಿನಂತೆ ಅಚ್ಚುಕಟ್ಟಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಯಾರಿಗೂ ಗೊತ್ತಾಗಲಿಲ್ಲ.

ಅವಳು ಹೇಳಬೇಕೆಂದೇ ಇದ್ದಳು. ಹೇಳಿದ್ದರೆ ಅವಳ ತೋಟ ಮೂರು ವರ್ಷ ಹೊರಗೆ, ಸೆವೆರೊ ಹೊರಗೆ, ತಪಾಸಣೆಯ ಕೆಲಸ ಹೊರಗೆ, ಪೊಟ್ಟಣದ ಮೇಲಿನ ನಗು ಹೊರಗೆ. ಆದರೆ ಊರಿನ ಕಾಫಿ ಉಳಿಯುತ್ತಿತ್ತು. ಹಬ್ಬ ಕಳೆಯಲಿ ಎಂದುಕೊಂಡಳು. ತಮ್ಮನ ಕೈ ವಾಸಿಯಾಗಲಿ ಎಂದುಕೊಂಡಳು. ಕೊಯ್ಲಿಗೆ ಮುಂಚೆ ಹೇಳುತ್ತೇನೆ, ಇಲ್ಲವಾದರೆ ನನ್ನ ಹಣ್ಣನ್ನು ಬೇರೆ ಇಟ್ಟು ದಲ್ಲಾಳಿಗೆ ಮಾರುತ್ತೇನೆ ಎಂದುಕೊಂಡಳು. ಬೇರೆ ಇಟ್ಟರೆ ಯಾಕೆ ಎಂದು ಕೇಳುತ್ತಾರಲ್ಲ? ನಾಳೆ ಎಂದವನ ಮನೆ ಹಾಳು ಎನ್ನುವ ಮಾತು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ.

ಸಂಘದ ಲಾರಿ ಬಂದ ದಿನ ಎಲ್ಲರ ಮೂಟೆಗಳೂ ರಸ್ತೆ ಪಕ್ಕದಲ್ಲಿದ್ದವು, ಅವಳದ್ದೂ ಇದ್ದವು. ಆಗ ದಮಾಸೊ ಮಂತ್ರಿಯನ್ನು ಹೊಡೆದುಕೊಂಡು ಬಂದ. ಮೂರು ವರ್ಷದ ಮೇಲೆ ಮೊದಲ ಸಲ ಸಂಘಕ್ಕೆ ಹಾಕುವ ಕಾಫಿ. ಹೇಸರಗತ್ತೆಯ ಕಿವಿಗೆಲ್ಲ ಕೆಂಪು ಉಣ್ಣೆಯ ಕುಚ್ಚು ಕಟ್ಟಿದ್ದ, ತಾನು ಮದುವೆಗೆ ಹಾಕುವ ಜಾಕೀಟು ಹಾಕಿದ್ದ.

“ಮೂಸಿ ಕುಮಾ” ಎಂದು ಮೂಟೆ ಅವಳ ಮುಂದಿಟ್ಟ. “ಚೆನ್ನಾಗಿ ಮೂಸಿ. ಅನುಮಾನ ಇದ್ರೆ ನನ್ನೂ ಮೂಸಿ. ಇವತ್ತು ಸ್ನಾನ ಮಾಡಿದೀನಿ.”

ಸುತ್ತಲಿನವರು ನಕ್ಕರು. ಬೆನಿತಾ ಬಗ್ಗಿ ಮೂಸಿ “ಶುದ್ಧವಾಗಿದೆ ಕುಂಪಾ” ಎಂದಳು. ಆಳುಗಳು ಅವನ ಮೂಟೆಗಳನ್ನು ಎತ್ತಿ ಅವಳ ಮೂಟೆಗಳ ಪಕ್ಕಕ್ಕೇ ಒರಗಿಸಿದರು. ಲಾರಿ ತಿರುವು ದಾಟುವವರೆಗೂ ಅವಳು ಬಾಯಿ ತೆರೆಯಲಿಲ್ಲ.

ಸತ್ತವರ ಹಬ್ಬ ಕಳೆದ ಮೇಲೆ ಸುದ್ದಿ ಬಂತು. ಹಡಗು ಮುಟ್ಟಿದ ಕಡೆ ಪರೀಕ್ಷೆ ಮಾಡಿದ್ದರು. ನುವೆವಾ ಪುಕಾರಾದ ಕಾಫಿಯಲ್ಲಿ ಕಳೆ ಔಷಧಿಯ ಅಂಶ ಸಿಕ್ಕಿತ್ತು. ಊರಿನದಷ್ಟೂ ಮಾಮೂಲಿ ಕಾಫಿಯ ಬೆಲೆಗೆ ಹೋಯಿತು. ನ್ಯಾಯದ ಬೆಲೆಯೂ ಇಲ್ಲ, ಸಾವಯವದ ಹೆಚ್ಚಿಗೆಯೂ ಇಲ್ಲ. ತಪ್ಪು ಮಾಡಿದವನನ್ನು ಹಿಡಿದು ಹೊರಹಾಕದಿದ್ದರೆ ಮುಂದಿನ ವರ್ಷವೂ ಕೊಳ್ಳುವುದಿಲ್ಲ ಎಂದು ಹೇಳಿ ಕಳಿಸಿದ್ದರು.

ಸಭೆ ಗೋದಾಮಿನಲ್ಲಿ ಸೇರಿತು. ಗಂಡಸರು ಬೆಂಚಿನ ಮೇಲೆ, ಹೆಂಗಸರು ನೆಲದ ಮೇಲೆ. ಒಂದು ಮೂಲೆಯಲ್ಲಿ ಮಧ್ಯಾಹ್ನದ ಊಟಕ್ಕೆಂದು ಎಲ್ಲರೂ ಮನೆಯಿಂದ ತಂದ ಗಂಟುಗಳು: ಬೇಯಿಸಿದ ಮರಗೆಣಸು, ಬಾಳೆಕಾಯಿ, ಒಣಮಾಂಸ. ನಸಾರಿಯೊ ಸುದ್ದಿ ಹೇಳಿ ಕುಳಿತ. ಯಾರೂ ಯಾರ ಹೆಸರನ್ನೂ ಎತ್ತಲಿಲ್ಲ. ಎಲ್ಲರ ಕಣ್ಣೂ ದಮಾಸೊನ ಮೇಲೆ ಹೋಗಿ ಕುಳಿತವು.

“ಯಾಕೆ ನನ್ನ ನೋಡ್ತೀರಿ?” ಅವನು ಎದ್ದು ನಿಂತ. “ಅವತ್ತು ಹೊಡ್ದಿದ್ದೆ, ಒಪ್ಕೊಂಡಿದ್ದೆ. ಈ ಸಲ ಹೊಡ್ದಿಲ್ಲ.”

“ಹೊಡ್ದೋರು ಯಾರಾದ್ರೂ ಹೊಡ್ದೆ ಅಂತಾರಾ?” ಎಂದಿತು ಹಿಂದಿನ ಬೆಂಚು. “ಮೂರು ವರ್ಷ ಎಲ್ಲಾ ನೆಟ್ಟಗಿತ್ತು. ಇವ್ನು ಒಳಗ್ ಬಂದ, ವಿಷಾನೂ ಬಂತು.”

“ನನ್ನ ಮಾತು ನಂಬ್ಬೇಡಿ. ನಮ್ಮ ಕುಮಾನ ಕೇಳಿ” ಎಂದ ದಮಾಸೊ. ಅವನ ಧ್ವನಿಯಲ್ಲಿ ಒಂದು ಚೂರೂ ವ್ಯಂಗ್ಯವಿರಲಿಲ್ಲ, ಅದೇ ಬೆನಿತಾಳನ್ನು ಕೊಂದದ್ದು. “ಅವ್ರು ನನ್ನ ಮೂಟೆ ಮೂಸಿ ನೋಡಿದಾರೆ. ಅವ್ರು ಅವತ್ತೂ ಸುಳ್ಳು ಹೇಳ್ಲಿಲ್ಲ, ಇವತ್ತೂ ಹೇಳಲ್ಲ.”

ಬೆನಿತಾ ಎದ್ದಳು. ಎದುರು ಬೆಂಚಿನಲ್ಲಿ ಸೆವೆರೊ ಕುಳಿತಿದ್ದ. ಗಾಯ ಒಣಗಿದ ಬಲಗೈಯನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು ನೆಲ ನೋಡುತ್ತಿದ್ದ. ಈಗ ಅವನ ತಲೆಗೂ ಹೋಗಿತ್ತು. ಒಂದು ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಅವನಾದರೂ ಅಷ್ಟೆ ಎಂದಿದ್ದಳಲ್ಲ. ಆ ಹೆಸರು ಗಂಟಲವರೆಗೆ ಬಂದು ಬಿಸಿತುಪ್ಪದ ಹಾಗೆ ನಿಂತಿತು, ಉಗುಳಲೂ ಆಗದು ನುಂಗಲೂ ಆಗದು.

“ದಮಾಸೊ ಕುಂಪಾ ಹೊಡ್ದಿಲ್ಲ. ವಿಷ ಬಿದ್ದಿದ್ದು ನನ್ನ ತೋಟಕ್ಕೆ. ನಾನೇ ಹೊಡ್ದೆ.”

ಎಲ್ಲರ ತಲೆಯೂ ಅವಳ ಕಡೆ ತಿರುಗಿತು. ಆಮೇಲೆ ಯಾರೋ ಕಿಸಕ್ಕನೆ ನಕ್ಕರು, ನಗು ಗೋದಾಮಿನ ತುಂಬ ಹರಡಿತು.

“ನೀನಾ?” ಪಕ್ಕದಲ್ಲಿದ್ದ ಮುದುಕಿ ಅವಳ ಲಂಗ ಹಿಡಿದು ಎಳೆದಳು. “ಪಂಪು ಆಚೆ ಗುಡ್ಡದಲ್ಲಿದ್ರೆ ಈಚೆ ಗುಡ್ಡದಲ್ಲಿ ವಾಂತಿ ಮಾಡೋಳು! ಕೂತ್ಕೊಳೇ, ಸಾಕು.”

“ಕುಂಪಾನ ಉಳ್ಸಕ್ಕೆ ತನ್ನ ಮೇಲೆ ಹಾಕ್ಕೊತಿದಾಳೆ” ಎಂದರು ಇನ್ನೊಬ್ಬರು. “ದೊಡ್ಡ ಮನ್ಸು.”

ನಸಾರಿಯೊ ಮಾತ್ರ ನಗಲಿಲ್ಲ. ಅವನು ಬುದ್ಧಿವಂತ. ಹಿರಿಯ ಹೆಂಗಸರಿಗೆ ಸಲ್ಲುವ ‘ದೊನ್ಯಾ’ ಸೇರಿಸಿ ಮೆಲ್ಲನೆ ಕೇಳಿದ: “ಯಾರ ಪಂಪು ದೊನ್ಯಾ ಬೆನಿತಾ?”

ಅವಳು ಮುದುಕಿಯ ಕೈಯಿಂದ ಲಂಗ ಬಿಡಿಸಿಕೊಂಡಳು.

“ಯಾವತ್ತು ಹೊಡೆದ್ರಿ? ಪಂಪು ಯಾರು ಹೊತ್ತು ತಂದ್ರು?”

ಹೊಳೆಯಾಚೆಯವರ ಪಂಪು ಎಂದರೆ ಅವರನ್ನು ಕೇಳುತ್ತಾರೆ, ಅವರು ಸೆವೆರೊನ ಹೆಸರು ಹೇಳುತ್ತಾರೆ. ಬೆನಿತಾಳ ಕಣ್ಣು ಎದುರು ಬೆಂಚಿಗೆ ಹೋಯಿತು. ದಮಾಸೊ ಅವಳನ್ನೇ ನೋಡುತ್ತಿದ್ದ. ಅವಳ ಕಣ್ಣು ಹೋದ ಕಡೆ ಅವನ ಕಣ್ಣೂ ಹೋಯಿತು, ಕಂಕುಳಲ್ಲಿ ಅವಿತ ಕೈಯ ಮೇಲೆ ನಿಂತಿತು, ತಿರುಗಿ ಬಂತು. ಅವನಿಗೆ ಅರ್ಥವಾಯಿತು.

“ಇನ್ನೇನಾದ್ರೂ ಹೇಳೋದಿದ್ಯಾ ಕುಮಾ?” ಎಂದು ಕೇಳಿದ.

ಅವನು ಅವಕಾಶ ಕೊಟ್ಟು ಕಾದ. ಬೇಕಾದಷ್ಟು ಹೊತ್ತು ಕಾದ.

“ಇಲ್ಲ ಕುಂಪಾ.”

ಕೈಯೆತ್ತಿ ತೀರ್ಮಾನವಾಯಿತು. ಈ ಸಲ ದಮಾಸೊ ಹೊರಗಾದದ್ದು ಮೂರು ವರ್ಷಕ್ಕಲ್ಲ, ಶಾಶ್ವತವಾಗಿ. ಸೆವೆರೊ ಕೂಡ ಕೈಯೆತ್ತಿದ, ಅದೇ ಬಲಗೈ. ಬೆನಿತಾ ಎತ್ತಲಿಲ್ಲ, ಆದರೆ ಒಂದು ಕೈ ಕಡಿಮೆಯಾದದ್ದನ್ನು ಯಾರು ಲೆಕ್ಕ ಹಾಕುತ್ತಾರೆ? ಆಮೇಲೆ ಊಟಕ್ಕೆ ಬಟ್ಟೆಗಳನ್ನು ಸಾಲಾಗಿ ಹಾಸಿ ಗಂಟು ಬಿಚ್ಚಿದರು. ಎಲ್ಲರೂ ಎಲ್ಲರದ್ದನ್ನೂ ತಿನ್ನುವುದು ಪದ್ಧತಿ. ದಮಾಸೊ ಹೊರಹಾಕಿಸಿಕೊಂಡ ಮೇಲೂ ತನ್ನ ಗಂಟನ್ನು ಬಿಚ್ಚಿಟ್ಟ. ಅವನ ಮರಗೆಣಸಿಗೆ ಯಾರೂ ಕೈ ಹಾಕಲಿಲ್ಲ. ಅವನು ಸ್ವಲ್ಪ ಹೊತ್ತು ನೋಡಿ, ಬಟ್ಟೆಯ ನಾಲ್ಕು ಮೂಲೆ ಸೇರಿಸಿ ಕಟ್ಟಿ ಹೆಗಲಿಗೆ ಹಾಕಿಕೊಂಡು ಹೊರಟ. ಬೆನಿತಾ ಎದ್ದು ಹೋಗಿ ಒಂದು ತುಂಡು ತೆಗೆದುಕೊಳ್ಳಬಹುದಿತ್ತು. ಅಷ್ಟೂ ಮಾಡಲಿಲ್ಲ.

ನಸಾರಿಯೊ ಅವಳನ್ನು ಗೋದಾಮಿನ ಹಿಂದಕ್ಕೆ ಕರೆದ. ಅವನ ಕೈಯಲ್ಲಿ ಕಾಫಿ ಪೊಟ್ಟಣವಿತ್ತು.

“ದೊನ್ಯಾ ಬೆನಿತಾ, ನಾನೇನು ದಡ್ಡ ಅಲ್ಲ. ನಿಮಗೆ ಏನೋ ಗೊತ್ತಿದೆ. ಅದು ನಂಗೆ ಬೇಡ.” ಪೊಟ್ಟಣದ ಮೇಲಿನ ಮುಖವನ್ನು ಬೆರಳಿನಿಂದ ತಟ್ಟಿದ. “ಅಲ್ಲಿ ಜನ ಕೊಳ್ಳೋದು ಕಾಫೀನಲ್ಲ, ಈ ಮುಖಾನ. ಇದೇ ವಿಷ ಅಂತಾದ್ರೆ ಊರಿಗೂರೇ ಮುಳುಗುತ್ತೆ. ದಮಾಸೊ ಒಬ್ಬ ತಾನೆ? ಹೆಂಗೋ ಬದುಕ್ಕೊತಾನೆ. ನೀವು ನಗ್ತಾ ಇರಿ.”

ಮನೆಗೆ ಬಂದು ಅವಳು ಗೋಡೆಯ ಪೊಟ್ಟಣವನ್ನು ಕಿತ್ತು ಒಲೆಗೆ ಹಾಕಿದಳು. ಒಳಗೆ ಬೆಳ್ಳಿ ಬಣ್ಣದ ಹಾಳೆ ಇತ್ತಲ್ಲ, ನೆಟ್ಟಗೆ ಉರಿಯಲೂ ಇಲ್ಲ, ಸುರುಟಿಕೊಂಡು ನಾತ ಬಂತು. ಮಾರನೆಯ ದಿನ ಸೆವೆರೊ ಒಂದು ಗೊನೆ ಬಾಳೆಕಾಯಿ ಹೊತ್ತು ಬಂದ. ಅವಳು ಸುಲ್ತಾನಾ ಬಸಿದು ಕೊಟ್ಟಳು.

“ನೀನು ನನ್ನ ಹೆಸ್ರು ಹೇಳ್ಲಿಲ್ಲಕ್ಕ.”

“ಹೇಳ್ಬೇಕಾಗಿತ್ತು.”

“ನಾನು ಕೈ ಎತ್ತಬಾರ್ದಾಗಿತ್ತು. ಎಲ್ರೂ ಎತ್ತಿದ್ರು…”

“ಕುಡಿದು ಹೋಗು ಸೆವೆರೊ.”

ಅವನು ಕುಡಿದು ಹೋದ. ಆಮೇಲೆ ಆ ಎರಡು ತೋಟಗಳ ನಡುವೆ ಬೇಲಿ ಎದ್ದಿತು. ಹಾಕಿದವಳು ಬೆನಿತಾ. ತಪಾಸಣೆಯ ಕೆಲಸವನ್ನೂ ಬಿಟ್ಟಳು, ವಯಸ್ಸಾಯಿತು ಎಂದಳು. ಊರವರು ನಂಬಿದರು. ಆ ಊರು ಅವಳ ಸುಳ್ಳುಗಳನ್ನೆಲ್ಲ ನಂಬಿತು, ನಿಜವನ್ನೊಂದು ಬಿಟ್ಟು.

ಮುಂದಿನ ಕಾರ್ನವಾಲಿಗೆ ಇನ್ನೂ ಒಂದು ವಾರವಿದ್ದಾಗ ಬೆನಿತಾ ಮಚ್ಚನ್ನು ಮಸೆದುಕೊಂಡು ಮುಂಜಾನೆ ದಮಾಸೊನ ತೋಟಕ್ಕೆ ಹೋದಳು. ಹಿಂದೊಮ್ಮೆ ಅವನು ಬಂದ ಹಾಗೆಯೇ, ಕೇಳದೆ ಕರೆಯದೆ. ಸಾಲುಗಳ ಕೆಳಗೆ ಹುಲ್ಲು ಮೊಣಕಾಲು ಮುಟ್ಟಿತ್ತು. ಈಗ ಅವನು ಯಾವ ಔಷಧಿಯನ್ನಾದರೂ ಹೊಡೆಯಬಹುದಿತ್ತು, ಕೇಳುವವರಿರಲಿಲ್ಲ. ಹೊಡೆದಿರಲಿಲ್ಲ. ಮಚ್ಚಿನಲ್ಲೇ ಸವರುತ್ತಿದ್ದ.

“ಅಯ್ನಿಗೆ ಬಂದೆ ಕುಂಪಾ” ಎಂದಳು.

ಅವನು ಅವಳನ್ನೂ ಮಚ್ಚನ್ನೂ ನೋಡಿ, ಕೆಳಗಿನ ಸಾಲನ್ನು ಕೈಯಲ್ಲಿ ತೋರಿಸಿದ. ಅಯ್ನಿಗೆ ಬಂದವರಿಗೆ ಕೆಲಸಕ್ಕೆ ಮುಂಚೆ ಮನೆಯವನು ಕೋಕಾ ಎಲೆ ಹಂಚುತ್ತಾನೆ, ಜೊತೆಗೆ ಕೂತು ಜಗಿಯುತ್ತಾನೆ. ದಮಾಸೊ ಹಂಚಲಿಲ್ಲ. ಮರೆತಿರಬೇಕು ಎಂದುಕೊಂಡು ಬೆನಿತಾ ಸೊಂಟದ ಚೀಲದಿಂದ ತನ್ನ ಎಲೆಯನ್ನೇ ತೆಗೆದು ಜಗಿದಳು. ಮುದಿ ಸೊಂಟ ನೋವಿನಿಂದ ಸಿಡಿಯುತ್ತಿದ್ದರೂ ಕಳೆ ತೆಗೆಯುತ್ತಲೇ ಹೋದಳು. ಎಷ್ಟೋ ತಿಂಗಳ ಮೇಲೆ ಎದೆ ಹಗುರಾಗಿತ್ತು. ಮಧ್ಯಾಹ್ನ ಅವನು ತಟ್ಟೆಯಲ್ಲಿ ಅನ್ನ, ಒಣಮಾಂಸ, ಮೊಟ್ಟೆ ಇಟ್ಟು ಕೊಟ್ಟ. ಒಳ್ಳೆಯ ಊಟ. ಅವನು ಒಳಗೆ ಉಂಡ, ಅವಳು ಹೊರಗೆ ಉಂಡಳು. ಆಗಲೂ ಅವಳಿಗೆ ಹೊಳೆಯಲಿಲ್ಲ.

ಸಂಜೆ ಕೊನೆಯ ಸಾಲು ಮುಗಿಸಿ ಅವಳು ಮಚ್ಚು ಒರೆಸುತ್ತಿದ್ದಾಗ ದಮಾಸೊ ಮುಖ ತೊಳೆದು, ಹ್ಯಾಟು ಹಾಕಿಕೊಂಡು ಬಂದ. ಅವನ ಮುಷ್ಟಿಯಲ್ಲಿ ನಾಣ್ಯದ ಸದ್ದಾಯಿತು.

“ತಗೊಳ್ಳಿ ಸೆನ್ಯೋರಾ.”

ಸೆನ್ಯೋರಾ ಎಂದು ಅವನು ಕರೆಯುತ್ತಿದ್ದುದು ಪೇಟೆಯ ಅಂಗಡಿಯವರನ್ನು, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರನ್ನು.

“ಕುಂಪಾ, ನಾನು ಅಯ್ನಿಗೆ ಬಂದಿದ್ದು.”

“ಕೇಳಿಸ್ತು. ಇವತ್ತು ಇದನ್ನ ಅಯ್ನಿ ಅಂತ ಇಟ್ಕೊಂಡ್ರೆ ನಾಳೆ ನಾನು ನಿಮ್ಮ ತೋಟಕ್ಕೆ ಬರ್ಬೇಕಾಗುತ್ತೆ. ನಾನು ಬರಲ್ಲ.”

“ಬರ್ಬೇಡಿ. ಇದು ನನ್ನ ಬಾಕಿ. ನಾನು ನಿಮಗೆ…”

“ನಿಮ್ಮ ಬಾಕಿ ಏನೂ ಇಲ್ಲ” ಎಂದ ದಮಾಸೊ. ಅವನಿಗೆ ಸಿಟ್ಟು ಬಂದಿರಲಿಲ್ಲ. ಸಿಟ್ಟು ಬಂದಿದ್ದರೆ ಅವಳು ಕಾಲು ಹಿಡಿಯುತ್ತಿದ್ದಳು. “ಕೂಲಿಗೆ ಬಂದ್ರಿ, ಚೆನ್ನಾಗಿ ಕೆಲ್ಸ ಮಾಡಿದ್ರಿ. ಹೊತ್ತಾಯ್ತು, ದಾರಿ ಜಾರುತ್ತೆ, ಹುಷಾರು.”

ಅವಳ ಅಂಗೈ ಬಿಡಿಸಿ ನಾಣ್ಯಗಳನ್ನು ಇಟ್ಟು, ಬೆರಳುಗಳನ್ನು ತಾನೇ ಮಡಿಸಿ, ಮಂತ್ರಿಗೆ ಹುಲ್ಲು ಹಾಕಲು ಹೋದ. ಬೆನಿತಾ ಎಣಿಸಲಿಲ್ಲ. ಮುಷ್ಟಿಯ ಭಾರದಲ್ಲೇ ಗೊತ್ತಾಯಿತು, ಒಂದು ದಿನದ ಸರಿಯಾದ ಕೂಲಿ. ದಮಾಸೊ ಒಂದು ಕಾಸೂ ಕಡಿಮೆ ಕೊಟ್ಟಿರಲಿಲ್ಲ.

ಮಂಗಳವಾರ ಊರೆಲ್ಲ ಗಿಡಗಳಿಗೆ ಬಣ್ಣದ ಕಾಗದ ಸುತ್ತಿತು, ಭೂಮಿಗೆ ಸಾರಾಯಿ ಎರೆಯಿತು, ಕುಣಿಯಿತು. ಬೆನಿತಾ ಸೀಸೆ ಹಿಡಿದು ತನ್ನ ತೋಟದ ಬಾಯಿಯವರೆಗೆ ಹೋದಳು. ಮುಚ್ಚಳ ತೆಗೆಯದೆ ಸ್ವಲ್ಪ ಹೊತ್ತು ನಿಂತು, ಸೀಸೆಯನ್ನು ಹಾಗೆಯೇ ಮನೆಗೆ ವಾಪಸು ತಂದಳು.